ಸುಡೋ, ಸುಡೋ -ಐ, ಸುಡೋಎಡಿಟ್: ನನ್ನ ಅಂಗಡಿಗೆ ಹೊಂದಿದ್ದು ಯಾವುದು

ಉಬುಂಟು ಎಂಬ ಲಿನಕ್ಸ್ ಸಿಸ್ಟಮಿನಲ್ಲಿ ರೂಟ್ (ಎಲ್ಲ ಅಧಿಕಾರವಿರುವ ಮುಖ್ಯ ಖಾತೆ) ಹೆಸರಲ್ಲಿ ಕೆಲಸ ಮಾಡಿಸಲು ಈ ಮೂರು ಆಜ್ಞೆಗಳಿವೆ: ಸುಡೋ ಒಂದು ಆಜ್ಞೆಯನ್ನಷ್ಟೇ ಹಾಗೆ ಓಡಿಸುತ್ತದೆ, ಸುಡೋ -ಐ ರೂಟ್ ಆಗಿಯೇ ಒಳಗೆ ಕೂರಿಸುತ್ತದೆ, ಸುಡೋಎಡಿಟ್ ಫೈಲು ತಿದ್ದಲು ಮಾತ್ರ. ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಸುಡೋಎಡಿಟ್‌ಗೆ. ಕಾಸರಗೋಡು ಜಿಲ್ಲೆಯ ಪೆರ್ಲದಲ್ಲಿ ನನ್ನದು ಸಣ್ಣ ಡಿಟಿಪಿ ಅಂಗಡಿ. ಮದುವೆ ಕಾಗದ, ಬಯಲಾಟದ ಕರಪತ್ರ, ಕನ್ನಡ-ಮಲಯಾಳ ಎರಡರಲ್ಲೂ ಅರ್ಜಿ. ಕೇರಳದ ಶಾಲೆಗಳಲ್ಲಿ ಉಬುಂಟುವೇ ಕಲಿಸುವುದರಿಂದ ಕೆಲಸಕ್ಕೆ ಬರುವ ಹುಡುಗರಿಗೆ ಅದು ಹೊಸತಲ್ಲ. ಅದಕ್ಕೇ ಉಬುಂಟು 18.04 ಇದ್ದ ಹಳೆ ಮೆಷಿನ್ ತಗೊಂಡೆ.

ಮಾರಿದವರು ಸಿಕ್ಕಿದ್ದಕ್ಕೆಲ್ಲ ಸುಡೋ ಹಾಕಿದ್ದರು, ಕಾಗದಪತ್ರ ಬರೆಯುವ ಲಿಬ್ರೆಆಫೀಸ್ ತೆರೆಯುವುದಕ್ಕೂ! ನಾನು ತೆರೆದರೆ ‘ಅನುಮತಿ ಇಲ್ಲ’ ಎಂಬ ಸಂದೇಶ. ‘ಎಲ್ಎಸ್ -ಎಲ್’ ಆಜ್ಞೆ ಕೊಟ್ಟು ಯಾರ ಫೈಲು ಎಂದು ನೋಡಿದರೆ ನನ್ನದೇ ಹೋಮ್‌ನಲ್ಲಿ (ಬಳಕೆದಾರನ ಸ್ವಂತ ಫೋಲ್ಡರ್) ಲಿಬ್ರೆಆಫೀಸಿನ ಸೆಟ್ಟಿಂಗ್ ಫೋಲ್ಡರಿಗೆ ಒಡೆಯ ರೂಟ್. ಬಾಡಿಗೆ ಮನೆಗೆ ಮಾಲಕರು ಬೇರೆ ಬೀಗ ಜಡಿದು ಹೋದ ಹಾಗೆ. ಹಳೆ ಉಬುಂಟುವಿನಲ್ಲಿ ಸುಡೋ ಕೊಟ್ಟ ಪ್ರೋಗ್ರಾಂ ರೂಟ್ ಹೆಸರಲ್ಲಿ ಓಡಿದರೂ ಹೋಮ್ ಮಾತ್ರ ನಮ್ಮದೇ ಉಳಿಯುತ್ತಿತ್ತು. ಹೊಸದಾಗಿ ಹುಟ್ಟಿದ ಫೈಲೆಲ್ಲ ಅಲ್ಲೇ, ರೂಟ್ ಹೆಸರಲ್ಲೇ. ಉಬುಂಟು 19.10ರಿಂದ ಇದು ಬದಲಾಗಿದೆ, ಹೋಮ್ ಕೂಡ ರೂಟಿನದ್ದೇ. ಆದರೆ ಸುಡೋ ಕೊಟ್ಟು ಫೋಲ್ಡರ್ ಮಾಡಿದರೆ ಇವತ್ತಿಗೂ ಅದು ರೂಟಿನದ್ದೇ. ಗುಬ್ಬಿ, ನವಿಲು ಫಾಂಟುಗಳನ್ನು ಅವರು ಹಾಕಿದ್ದೂ ಹಾಗೆ ಮಾಡಿದ ಫೋಲ್ಡರಿಗೆ. ಅಕ್ಷರ ಕಾಣುತ್ತದೆ, ಫಾಂಟ್ ಅಳಿಸಲು ಹೋದರೆ ಬಿಡುವುದಿಲ್ಲ.

ರಿಪೇರಿಗೆ, ‘ಫೈಂಡ್’ನಿಂದ ರೂಟ್ ಒಡೆತನದ ಫೈಲು ಹುಡುಕಿ, ‘ಚೋನ್ -ಆರ್’ನಿಂದ ಹೋಮ್ ಪೂರ್ತಿ ನನ್ನ ಹೆಸರಿಗೆ ಮಾಡಿದೆ. ಈ ಆಜ್ಞೆ ಹೋಮ್ ದಾಟಿ ಹೋಗಬಾರದು. ಇಡೀ ಸಿಸ್ಟಮಿಗೆ ಕೊಟ್ಟರೆ ಸುಡೋದ ಒಡೆತನವೂ ಸೆಟ್‌ಯುಐಡಿ ಗುರುತೂ (ಸುಡೋವನ್ನು ರೂಟ್ ಹೆಸರಲ್ಲಿ ಓಡಲು ಬಿಡುವುದು ಇದೇ) ಹೋಗಿ, ಸುಧಾರಿಸಲು ಸುಡೋವೇ ಇರುವುದಿಲ್ಲ.

ಸುಡೋ -ಐ ಪರವಾಗಿಲ್ಲ, ರೂಟಿನ ಹೋಮಿಗೇ ಹೋಗುತ್ತದೆ. ಆದರೆ ಹುಡುಗರು ಹೊರಗೆ ಬರಲು ಮರೆಯುತ್ತಾರೆ, ಆಮೇಲೆ ಗಿರಾಕಿಯ ಫೈಲೂ ರೂಟ್ ಪಾಲು.

ಸುಡೋಎಡಿಟ್ ಫೈಲಿನ ಪ್ರತಿ ತೆಗೆದು, ಎಡಿಟರನ್ನು ನಮ್ಮ ಹೆಸರಲ್ಲೇ ಓಡಿಸಿ, ಮುಚ್ಚಿದ ಮೇಲೆ ಬದಲಾವಣೆಯನ್ನು ಮೂಲಕ್ಕೆ ಬರೆಯುತ್ತದೆ. ಸಾಂಬಾ (ನೆಟ್‌ವರ್ಕಿನಲ್ಲಿ ಫೈಲು ಹಂಚುವ ಪ್ರೋಗ್ರಾಂ), ಪ್ರಿಂಟರ್, ಫಾಂಟ್ ಸೆಟ್ಟಿಂಗ್ ತಿದ್ದಲು ನನಗೆ ಇಷ್ಟೇ ಬೇಕು. ನಾವೇ ಬರೆಯಬಹುದಾದ ಫೋಲ್ಡರಿನ ಫೈಲು ಕೊಟ್ಟರೆ ಅದು ಒಪ್ಪುವುದೇ ಇಲ್ಲ. ಕೆಲವರಿಗೆ ಇದು ಕಿರಿಕಿರಿ, ನನಗೆ ಕಾವಲು. ಜೀಎಡಿಟ್ ಎಂಬ ಎಡಿಟರ್ ಬಳಸುವವರು ‘--ವೇಟ್’ ಸೇರಿಸಿಕೊಳ್ಳಿ, ಇಲ್ಲದಿದ್ದರೆ, ಜೀಎಡಿಟ್ ಮೊದಲೇ ತೆರೆದಿದ್ದಾಗ, ನೀವು ಟೈಪ್ ಮಾಡುವ ಮೊದಲೇ ಸುಡೋಎಡಿಟ್ ‘ಬದಲಾವಣೆ ಇಲ್ಲ’ ಎಂದು ಮುಗಿಸಿಬಿಡುತ್ತದೆ.

ಪ್ಯಾಕೇಜ್ ಹಾಕಲು ಬರಿ ಸುಡೋ ಇಟ್ಟುಕೊಂಡಿದ್ದೇನೆ. ಉಳಿದದ್ದಕ್ಕೆ ಹುಡುಗರಿಗೆ ಸುಡೋಎಡಿಟ್ ಒಂದೇ. ಪ್ರತಿ ಸಲ ಬದಿಯಡ್ಕದಿಂದ ಟೆಕ್ನಿಷಿಯನ್ ಕರೆಸುವಷ್ಟು ವ್ಯಾಪಾರ ಇಲ್ಲಿಲ್ಲ.