ಮೋಟರ್‌ಹೋಮ್‌ನಲ್ಲೇ ವಾಸ ಮಾಡುವವರು ವಾರಂಟಿ ಪೇಪರ್ ಮೊದಲು ಓದಿ

ಅಮೆರಿಕದಲ್ಲಿ ರಿಟೈರ್ ಆಗಿ, ಮನೆ ಮಾರಿ, ಮೋಟರ್‌ಹೋಮ್‌ನಲ್ಲಿ, ಅಂದರೆ ಅಡುಗೆಮನೆ, ಹಾಸಿಗೆ ಎಲ್ಲ ಒಳಗೇ ಇರುವ ಗಾಡಿಯಲ್ಲಿ, ಊರೂರು ಸುತ್ತೋಣ ಅಂತಿರುವವರಿಗೆ ಈ ಮಾತು. ಗಾಡಿ ನೋಡಲು ಹೋದ ದಿನವೇ ಡೀಲರ್‌ಗೆ ಬಿಡಿಸಿ ಹೇಳಿದ್ದೆವು, ನಮಗೆ ಬೇರೆ ಮನೆ ಇರುವುದಿಲ್ಲ, ವರ್ಷಪೂರ್ತಿ ಇದರಲ್ಲೇ ಇರುತ್ತೇವೆ ಅಂತ. "ಧಾರಾಳವಾಗಿ ಇರಿ, ಎಷ್ಟೋ ಜನ ಇದ್ದಾರೆ" ಅಂದಿದ್ದ.

ಹೊಸ ಗಾಡಿ. ಒರೆಗಾನ್ ಕರಾವಳಿಯ ಮಳೆ ಹಿಡಿದ ಮೇಲೆ ಸ್ಲೈಡ್-ಔಟ್ ಹತ್ತಿರ, ಅಂದರೆ ಗುಂಡಿ ಒತ್ತಿದರೆ ಗೋಡೆ ಸಮೇತ ಹೊರಗೆ ಚಾಚುವ ಭಾಗದ ಮೂಲೆಯಲ್ಲಿ, ನೆಲ ಮೆತ್ತಗಾಯಿತು. ಮ್ಯಾಟ್ ಎತ್ತಿ ನೋಡಿದರೆ ಪ್ಲೈವುಡ್ ಕಪ್ಪಾಗಿ ಪದರ ಪದರ ಬಿಚ್ಚಿಕೊಂಡಿತ್ತು. ಹೊರಗಿನ ರಬ್ಬರ್ ಸೀಲ್ ಒಳಮುಖವಾಗಿ ಮಡಚಿಕೊಂಡು ನೀರನ್ನು ಸೀದಾ ಒಳಗೆ ಬಿಡುತ್ತಿತ್ತು.

ವಾರಂಟಿ ಇನ್ನೂ ಇತ್ತಲ್ಲ, ಕಂಪನಿಗೆ ಫೋನ್ ಮಾಡಿದೆವು. ಆ ಕಡೆಯವರು ಮೊದಲು ಕೇಳಿದ್ದು ವಿಳಾಸ. ನಮ್ಮಂಥವರಲ್ಲಿ ಬಹಳ ಜನ ಸೌತ್ ಡಕೋಟದಲ್ಲಿ ಟಪಾಲು ವಿಳಾಸ ಇಟ್ಟುಕೊಳ್ಳುತ್ತಾರೆ, ಅಲ್ಲಿ ರಾಜ್ಯದ ಆದಾಯ ತೆರಿಗೆ ಇಲ್ಲ. ನಮ್ಮದೂ ಅಂಥದ್ದೇ ವಿಳಾಸ. ಅದು ಕಿವಿಗೆ ಬಿದ್ದದ್ದೇ ತಡ, "ನೀವು ಇದರಲ್ಲೇ ಕಾಯಂ ಇದ್ದೀರಾ?" ಹೌದು ಅಂದೆವು. ಅಲ್ಲಿಗೆ ಮುಗಿಯಿತು. ವಾಸದ ಮನೆಯಾಗಿ ಬಳಸಿದರೆ ವಾರಂಟಿ ಇಲ್ಲ ಅಂತ ಸಣ್ಣಕ್ಷರದಲ್ಲಿ ಇದೆಯಂತೆ. ಡೀಲರ್‌ನನ್ನು ಕೇಳಿದರೆ ಕಂಪನಿಯನ್ನು ಕೇಳಿ ಅಂತಾನೆ, ಕಂಪನಿ ಪೇಪರ್ ತೋರಿಸುತ್ತದೆ. ಮಾರುವಾಗ ಈ ಷರತ್ತಿನ ಬಗ್ಗೆ ಬಾಯಿ ಬಿಡದ ಡೀಲರ್! ರಿಪೇರಿಗೆ ಗಾಡಿ ಬಿಟ್ಟರೆ ನಮ್ಮ ಅಡುಗೆಮನೆ, ಹಾಸಿಗೆ, ಔಷಧಿ ಎಲ್ಲ ವರ್ಕ್‌ಶಾಪಿನ ಅಂಗಳದಲ್ಲಿ, ನಾವು ಮೋಟೆಲ್‌ನಲ್ಲಿ. ಎರಡೂ ಖರ್ಚು ನಮ್ಮದೇ.

ಇದು ಒಂದೇ ಕಂಪನಿಯ ಕಥೆ ಅಂದುಕೊಳ್ಳಬೇಡಿ, ಹಲವು ತಯಾರಕರ ವಾರಂಟಿಯಲ್ಲಿ ಈ ಷರತ್ತು ಇದೆ. ದೋಷವಿರುವ ಹೊಸ ಗಾಡಿ ಕೊಂಡವರಿಗೆ ಪರಿಹಾರ ಕೊಡಿಸುವ 'ಲೆಮನ್ ಕಾನೂನು' ಕಾಪಾಡುತ್ತೆ ಅಂತಲೂ ನಂಬಬೇಡಿ. ಹಲವು ರಾಜ್ಯಗಳಲ್ಲಿ ಅದು ಎಂಜಿನ್, ಚಾಸಿಗೆ (ಗಾಡಿಯ ಅಡಿ ಚೌಕಟ್ಟಿಗೆ) ಮಾತ್ರ, ವಾಸದ ಭಾಗಕ್ಕೆ ಅಲ್ಲ. ಇನ್ಶೂರೆನ್ಸ್ ಕೂಡ ಹಾಗೇ, ರಜೆಗೆ ಓಡಿಸುವವರ ಪಾಲಿಸಿ ಬೇರೆ, ಕಾಯಂ ಇರುವವರ 'ಫುಲ್-ಟೈಮರ್' ಪಾಲಿಸಿ ಬೇರೆ. ಮೆಟ್ಟಿಲು ಹತ್ತುವಾಗ ನೆಂಟರು ಜಾರಿ ಬಿದ್ದು ಕಾಲು ಮುರಿದುಕೊಂಡರೆ ಯಾವುದು ದುಡ್ಡು ಕೊಡುತ್ತೆ ಅಂತ ಏಜೆಂಟನ್ನು ನೇರವಾಗಿ ಕೇಳಿ. ಮೆಡಿಕೇರ್‌ನಲ್ಲೂ, ಅಂದರೆ ಮುಖ್ಯವಾಗಿ ಹಿರಿಯರಿಗಿರುವ ಸರ್ಕಾರಿ ಆರೋಗ್ಯ ವಿಮೆಯಲ್ಲೂ, ಎಚ್ಚರ: ಅದನ್ನು ಖಾಸಗಿ ಕಂಪನಿ ಮೂಲಕ ಕೊಡುವ 'ಅಡ್ವಾಂಟೇಜ್ ಎಚ್‌ಎಂಒ' ಪ್ಲಾನ್ ತಗೊಂಡರೆ ಡಾಕ್ಟರು ನಿಮ್ಮ ಏರಿಯಾದವರೇ ಆಗಬೇಕು, ತುರ್ತು ಚಿಕಿತ್ಸೆ ಬೇರೆ ಮಾತು. ಊರು ಬಿಟ್ಟು ಊರಿಗೆ ಹೋಗುವವರಿಗೆ ಏರಿಯಾ ಯಾವುದು ಸ್ವಾಮಿ?

ಗಾಡಿ ಇಷ್ಟವಾದರೆ ವಾರಂಟಿ ಪುಸ್ತಕ ಅಲ್ಲೇ ಕೇಳಿ, ಏನೇನು ಸೇರಿಲ್ಲ ಅನ್ನುವ ಪುಟ ತೆಗೆಸಿ. ಕಾಯಂ ವಾಸಕ್ಕೂ ವಾರಂಟಿ ಇದೆ ಅಂತ ಕಂಪನಿಯಿಂದಲೇ ಬರೆಸಿಕೊಳ್ಳಿ. ಅಡ್ವಾನ್ಸ್ ಅದು ಕೈಗೆ ಬಂದ ಮೇಲೆ ಕೊಟ್ಟರಾಯಿತು.