ಬಾಕ್ಸ್, ಗಿಡ, ಟಬ್: ಗಪ್ಪಿ ಮರಿ ಉಳಿಸಲು ನಾನು ಮಾಡಿ ನೋಡಿದ ಮೂರು ದಾರಿ

ಮಂಡ್ಯದ ನಮ್ಮ ಮನೆಯ ಹಾಲಿನಲ್ಲಿ ಎರಡು ಅಡಿ ಉದ್ದದ ಗಾಜಿನ ಟ್ಯಾಂಕ್ ಇದೆ. ಸುಮಾರು 55 ಲೀಟರ್ ನೀರು ಹಿಡಿಯುತ್ತದೆ. ಅದರಲ್ಲಿ ಮೂರು ಗಂಡು, ಏಳು ಹೆಣ್ಣು ಗಪ್ಪಿ ಮೀನು. ಗಪ್ಪಿ ಮೊಟ್ಟೆ ಇಡುವುದಿಲ್ಲ, ಹೆಚ್ಚುಕಡಿಮೆ ತಿಂಗಳಿಗೊಮ್ಮೆ ಮರಿ ಹಾಕುತ್ತದೆ. ಹಾಕಿದ ತಾಯಿಯೇ ತಿರುಗಿ ಬಂದು ಮರಿಗಳನ್ನು ತಿನ್ನುತ್ತದೆ. ಮೊದಲ ಸಲ ಬೆಳಿಗ್ಗೆ ಕಾಫಿ ಹೊತ್ತಿಗೆ ಇಪ್ಪತ್ತರಷ್ಟು ಮರಿ ನೋಡಿದ್ದೆವು. ಮಧ್ಯಾಹ್ನ ಊಟದ ಹೊತ್ತಿಗೆ ಎರಡೇ ಉಳಿದಿದ್ದವು. ಮಗಳು ಅತ್ತುಬಿಟ್ಟಳು. ಮರಿ ಉಳಿಸಲೇಬೇಕು ಅಂತ ಹಟ ಬಂದದ್ದು ಆವತ್ತು.

ಕಳೆದ ದೀಪಾವಳಿಯಿಂದ ಈ ಯುಗಾದಿಯವರೆಗೆ ಮೂರು ದಾರಿ ನೋಡಿದೆ. ಒಂದೊಂದನ್ನೂ ಮೂರು ಸಲ. ಮರಿ ಎಣಿಸಿ ಮಗಳ ಹಳೇ ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆ.

ಎಲ್ಲರೂ ಮೊದಲು ಹೇಳುವುದು ಬ್ರೀಡಿಂಗ್ ಬಾಕ್ಸ್. ಟ್ಯಾಂಕಿನ ಒಳಗೇ ತೇಲಿಬಿಡುವ ಸಣ್ಣ ಪ್ಲಾಸ್ಟಿಕ್ ಡಬ್ಬಿ ಅದು. ನಡುವೆ ಸೀಳಿರುವ ತಟ್ಟೆ. ಗಬ್ಬದ ಹೆಣ್ಣು ಮೇಲಿರುತ್ತದೆ, ಹುಟ್ಟಿದ ಮರಿ ಸೀಳಿನಿಂದ ಕೆಳಗೆ ಇಳಿಯುತ್ತದೆ. ಮೈಸೂರಿಗೆ ಹೋದಾಗ ಒಂದು ಕೊಂಡುತಂದೆ. ಮೊದಲ ಸಲ 24 ಮರಿ, ಅಷ್ಟೂ ಜೀವಂತ. ಇಷ್ಟು ಸುಲಭವಾ ಅನ್ನಿಸಿತು.

ಎರಡನೇ ಸಲ ಹಾಗಾಗಲಿಲ್ಲ. ಹೆಣ್ಣಿನ ಹೊಟ್ಟೆ ದಪ್ಪಗಾಯಿತು ಅಂತ ಬೇಗ ಹಿಡಿದು ಬಾಕ್ಸಿಗೆ ಹಾಕಿದೆ. ಅದು ಗೋಡೆಗೆ ಮೂತಿ ಒತ್ತಿಕೊಂಡು ಮೇಲೆ ಕೆಳಗೆ ಓಡಾಡುತ್ತಲೇ ಇತ್ತು. ಮೂರನೇ ದಿನ ಮರಿ ಹಾಕಿತು. ಆದರೆ ಅವು ಪೂರ್ತಿ ಬೆಳೆದಿರಲಿಲ್ಲ. ಹೊಟ್ಟೆಯಡಿ ಹಳದಿ ಗಂಟು ಹಾಗೇ ಇತ್ತು. ಈಜಲಾಗದೆ ತಳದಲ್ಲಿ ಬಿದ್ದುಕೊಂಡವು, ಒಂದೂ ಉಳಿಯಲಿಲ್ಲ. ಎರಡು ದಿನ ಬಿಟ್ಟು ತಾಯಿಯೂ ಹೋಯಿತು. ಅಂಗೈಯಗಲದ ಜಾಗ, ಅವಿತುಕೊಳ್ಳಲು ಒಂದು ಎಲೆ ಕೂಡ ಇಲ್ಲ. ಹೆದರಿದ ಮೀನು ದಿನ ತುಂಬುವ ಮೊದಲೇ ಮರಿ ಉದುರಿಸಿಬಿಡುತ್ತದೆ. ಅದನ್ನು ಇವತ್ತು ನೆನೆದರೂ ಹೊಟ್ಟೆ ಚುರುಕ್ ಅನ್ನುತ್ತದೆ.

ಮೂರನೇ ಸಲ ಸರಿಯಾದ ಹೊತ್ತು ಕಾದೆ. ಹೆಣ್ಣಿನ ಹೊಟ್ಟೆಯ ಹಿಂಭಾಗದಲ್ಲಿ ಕಪ್ಪು ಮಚ್ಚೆ ಇರುತ್ತದಲ್ಲ, ದಿನ ಹತ್ತಿರವಾದಂತೆ ಅದು ದೊಡ್ಡದಾಗುತ್ತದೆ. ತಿಳಿ ಬಣ್ಣದ ಮೀನಾದರೆ ಒಳಗೆ ಮರಿಗಳ ಕಣ್ಣು ಸಣ್ಣ ಚುಕ್ಕೆಗಳ ಹಾಗೆ ಕಾಣುತ್ತವೆ. ಹೊಟ್ಟೆ ಉರುಟು ಹೋಗಿ ಚೌಕವಾಗುತ್ತದೆ. ಆಗ ಹಾಕಿದೆ. 19 ಮರಿ ಆಯಿತು. ಆದರೆ ಕೆಲವು ಸೀಳಿನಿಂದ ತಿರುಗಿ ಮೇಲಕ್ಕೆ ಬಂದು ತಾಯಿಯ ಬಾಯಿಗೆ ಸಿಕ್ಕವು. ಉಳಿದದ್ದು 13. ಬಾಕ್ಸಿನೊಳಗೆ ನೀರು ಓಡಾಡುವುದಿಲ್ಲ, ತಿನ್ನದೆ ಬಿಟ್ಟ ಊಟ ಅಲ್ಲೇ ಕೊಳೆಯುತ್ತದೆ. ದಿನಾ ಡ್ರಾಪರ್‌ನಿಂದ ಎತ್ತಬೇಕು.

ಎರಡನೆಯದು, ತಾಯಿಯನ್ನು ಮುಟ್ಟದೆ ಟ್ಯಾಂಕಿನ ತುಂಬ ಗಿಡ ಬೆಳೆಸುವುದು. ಹಾರ್ನ್‌ವರ್ಟ್ ಮತ್ತು ಜಾವಾ ಮಾಸ್ ತಂದು ಅರ್ಧ ಟ್ಯಾಂಕ್ ತುಂಬಿಸಿದೆ. ಹಾರ್ನ್‌ವರ್ಟ್‌ಗೆ ಮಣ್ಣೂ ಬೇಡ, ಸುಮ್ನೆ ತೇಲಿಬಿಟ್ಟರೆ ಸಾಕು. ಒಂದು ತಾಯಿಯೂ ಸಾಯಲಿಲ್ಲ, ನನಗೂ ಕೆಲಸವಿಲ್ಲ. ಆದರೆ ಉಳಿಯುವ ಮರಿ ಕಡಿಮೆ: ಆರು, ಒಂಬತ್ತು, ನಾಲ್ಕು. ಎಷ್ಟು ಹುಟ್ಟಿದವು ಅಂತ ಎಣಿಸಲೂ ಆಗಲಿಲ್ಲ. ನಮ್ಮ ಹಳೇ ಫಿಲ್ಟರ್ ಮರಿಗಳನ್ನು ಎಳೆದುಕೊಳ್ಳುತ್ತಿತ್ತು. ಸ್ಪಂಜ್ ಫಿಲ್ಟರ್ ಹಾಕಿದ ಮೇಲೆ ಅದು ನಿಂತಿತು. ಮೂರು ದಾರಿಯಲ್ಲಿ ಯಾವುದೇ ಹಿಡಿಯಿರಿ, ಇದನ್ನು ಮಾತ್ರ ಮೊದಲೇ ಬದಲಿಸಿ.

ನಾಲ್ಕೇ ಉಳಿದ ಆ ಸಲದ ಕಾರಣ ಬೇರೆ. ವಿಶ್ವೇಶ್ವರಯ್ಯ ನಾಲೆಯಿಂದ ಗದ್ದೆಗೆ ಬರುವ ಕಾಲುವೆಯಲ್ಲಿ ನೀರು ಹುಲ್ಲು ಚೆನ್ನಾಗಿ ಬೆಳೆದಿತ್ತು. ಒಂದು ಹಿಡಿ ತಂದು ತೊಳೆದು ಹಾಕಿದೆ. ಅದರ ಜೊತೆ ಏರೋಪ್ಲೇನ್ ಚಿಟ್ಟೆಯ ಮರಿ ಬಂದಿತ್ತು. ಅದು ರೆಕ್ಕೆ ಬರುವವರೆಗೆ ನೀರಿನಲ್ಲೇ ಬದುಕುತ್ತದೆ. ಮಡಚಿಟ್ಟ ಕೆಳದವಡೆಯನ್ನು ಚಂಗನೆ ಚಾಚಿ ಹಿಡಿಯುತ್ತದೆ. ಗಪ್ಪಿ ಮರಿ ಅದಕ್ಕೆ ಒಂದು ತುತ್ತು. ಎಲೆಯ ಮರೆಯಲ್ಲಿ ಅದು ನನ್ನ ಕಣ್ಣಿಗೆ ಬೀಳುವ ಹೊತ್ತಿಗೆ ವಾರ ಕಳೆದಿತ್ತು. ಈಗ ಹೊರಗಿನ ಗಿಡ ಏನೇ ತಂದರೂ ಎರಡು ವಾರ ಬೇರೆ ಬಕೆಟ್ಟಿನಲ್ಲಿಟ್ಟು ನೋಡಿಯೇ ಹಾಕುತ್ತೇನೆ.

ಮೂರನೆಯದೇ ನನ್ನ ಮನಸ್ಸಿಗೆ ಹಿಡಿಸಿದ್ದು. ಹಿತ್ತಲ ಜಗಲಿಯಲ್ಲಿ 40 ಲೀಟರಿನ ಹಳೇ ಟಬ್. ಬೆಳಗಿನ ಬಿಸಿಲು ಒಂದೆರಡು ಗಂಟೆ ಬೀಳುತ್ತದೆ. ನೀರಿನ ಮೇಲೆ ಅಂತರಗಂಗೆ. ಅದರ ಬೇರು ಕೂದಲಿನ ಹಾಗೆ ಒತ್ತಾಗಿ ಇಳಿಬಿದ್ದಿರುತ್ತದೆ. ಮರಿ ಹುಟ್ಟಿದ ಕೂಡಲೇ ಮೇಲಕ್ಕೆ ಏರಿ ಆ ಬೇರಿನೊಳಗೆ ಸೇರಿಕೊಳ್ಳುತ್ತದೆ. ತಾಯಿಯನ್ನು ಹತ್ತು ದಿನ ಮುಂಚೆಯೇ ಬಿಡುತ್ತೇನೆ, ಅರ್ಧದಷ್ಟು ಹಳೇ ಟ್ಯಾಂಕಿನ ನೀರನ್ನೇ ತುಂಬಿ. ಜಾಗ ದೊಡ್ಡದು, ನೆರಳಿದೆ, ಹಿಂದೆ ಬೀಳುವ ಗಂಡುಗಳಿಲ್ಲ. ಹೆದರುವುದೇ ಇಲ್ಲ. ಮರಿ ಹಾಕಿ ಹೊಟ್ಟೆ ಇಳಿದದ್ದು ಕಂಡ ಕೂಡಲೇ ಅದನ್ನು ಎತ್ತಿ ಟ್ಯಾಂಕಿಗೆ ವಾಪಸ್ ಬಿಡುತ್ತೇನೆ.

ತಿಂಗಳು ತುಂಬಿದಾಗ ಎಣಿಸಿದೆ: ಮೊದಲ ಸಲ 28, ಆಮೇಲೆ 17, ಆಮೇಲೆ 33. ಬಾಕ್ಸಿನಲ್ಲಿ ಬೆಳೆದವುಗಳ ಪಕ್ಕ ಇಟ್ಟರೆ ಟಬ್ಬಿನವು ಕಣ್ಣಿಗೆ ಕಾಣುವಷ್ಟು ದೊಡ್ಡವು. ಬೇರಿಗೆ, ಟಬ್ಬಿನ ಗೋಡೆಗೆ ಹತ್ತಿದ ಪಾಚಿಯಲ್ಲಿ ಕಣ್ಣಿಗೆ ಕಾಣದ ಜೀವಿಗಳಿರುತ್ತವೆ. ಮರಿ ಇಡೀ ದಿನ ಅದನ್ನು ಮೇಯುತ್ತಲೇ ಇರುತ್ತದೆ.

17 ಆದದ್ದು ಚಳಿಯಿಂದ. ಡಿಸೆಂಬರ್ ಕೊನೆಯಲ್ಲಿ ಬೆಳಗಿನ ಜಾವ ಟಬ್ಬಿನ ನೀರು 19 ಡಿಗ್ರಿಗೆ ಇಳಿದಿತ್ತು. ಆ ತಾಯಿ ಮರಿ ಹಾಕಲು ವಾರದಷ್ಟು ಜಾಸ್ತಿ ತೆಗೆದುಕೊಂಡಿತು. ಮರಿಗಳೂ ಮಂಕಾಗಿದ್ದವು. ಚಳಿಗಾಲದಲ್ಲಿ ಟಬ್ ಒಳಗೆ ತನ್ನಿ, ಇಲ್ಲವಾದರೆ ಹೀಟರ್ ಹಾಕಿ 26 ಡಿಗ್ರಿಗೆ ಇಡಿ. ಮೇಲೆ ಒಂದು ಬಲೆಯೂ ಇರಲಿ, ನಮ್ಮಲ್ಲಿ ಬೆಕ್ಕು ಜಾಸ್ತಿ.

ಟಬ್ ಇಟ್ಟ ದಿನ ಅತ್ತೆಗೆ ಸಮಾಧಾನವಿರಲಿಲ್ಲ. "ನೀರು ನಿಲ್ಲಿಸಿದ್ರೆ ಸೊಳ್ಳೆ ಆಯ್ತವೆ ಕಣವ್ವ" ಅಂದರು. "ಇಲ್ಲ ಅತ್ತೆ, ಸೊಳ್ಳೆ ಮರಿನೇ ಇವಕ್ಕೆ ಊಟ" ಅಂದೆ. ಸೊಳ್ಳೆ ತಡೆಯಲು ಆರೋಗ್ಯ ಇಲಾಖೆಯವರು ಬಾವಿ, ತೊಟ್ಟಿಗಳಿಗೆ ಗಪ್ಪಿಯನ್ನೂ ಬಿಡುತ್ತಾರೆ. ಈಗ ಸಂಜೆ ಟಬ್ಬಿನ ಪಕ್ಕ ಕುರ್ಚಿ ಹಾಕಿಕೊಳ್ಳುವವರು ಅತ್ತೆಯೇ.

ಊಟದ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಬೇಯಿಸಿದ ಮೊಟ್ಟೆಯ ಹಳದಿ ಕೈಗೆ ಸುಲಭವಾಗಿ ಸಿಗುತ್ತದೆ, ಆದರೆ ಕಾಳಷ್ಟು ಜಾಸ್ತಿಯಾದರೂ ನೀರು ಹಾಲಿನಂತಾಗಿ ನಾರುತ್ತದೆ. ಬಿಟ್ಟುಬಿಟ್ಟೆ. ದೊಡ್ಡ ಮೀನಿನ ಊಟವನ್ನೇ ಬೆರಳಲ್ಲಿ ನುಣ್ಣಗೆ ಪುಡಿ ಮಾಡಿ ದಿನಕ್ಕೆ ಮೂರು ನಾಲ್ಕು ಸಲ ಚಿಟಿಕೆ ಹಾಕುವುದು ದಿನನಿತ್ಯಕ್ಕೆ ಸಾಕು. ಆರ್ಟೀಮಿಯಾ ಅನ್ನುವ ಉಪ್ಪುನೀರಿನ ಪುಟಾಣಿ ಸಿಗಡಿಯ ಮರಿ ಕೊಟ್ಟ ವಾರ ಮಾತ್ರ ಮರಿಗಳ ಹೊಟ್ಟೆ ಕಿತ್ತಳೆ ಬಣ್ಣಕ್ಕೆ ತಿರುಗಿ ದುಂಡಗಾಗಿತ್ತು. ಒಂದು ಲೀಟರ್ ನೀರಿಗೆ 25 ಗ್ರಾಂ ಕಲ್ಲುಪ್ಪು, ಅರ್ಧ ಚಮಚ ಆರ್ಟೀಮಿಯಾ ಮೊಟ್ಟೆ, ಏರ್ ಪಂಪಿನ ಗುಳ್ಳೆ. ಒಂದೂವರೆ ದಿನದೊಳಗೆ ಒಡೆಯುತ್ತವೆ. ಖರ್ಚು ಜಾಸ್ತಿ, ಮೊದಲ ವಾರಕ್ಕಷ್ಟೇ ಕೊಡುತ್ತೇನೆ. ನಲ್ಲಿ ನೀರಾದರೆ ಕ್ಲೋರಿನ್ ಹೋಗಲು ಒಂದು ದಿನ ತೆರೆದಿಟ್ಟು ಬಳಸಿ. ಬೋರ್‌ವೆಲ್‌ನ ಗಡಸು ನೀರು ಗಪ್ಪಿಗೆ ಚೆನ್ನಾಗಿಯೇ ಒಗ್ಗುತ್ತದೆ.

ಒಂದು ಮಾತು ಕೇಳಿಕೊಳ್ಳುತ್ತೇನೆ. ಮರಿ ಜಾಸ್ತಿಯಾದರೆ ನಾಲೆಗೋ ಕೆರೆಗೋ ಬಿಡಬೇಡಿ. ಒಮ್ಮೆ ಗಂಡಿನ ಜೊತೆ ಸೇರಿದ ಹೆಣ್ಣು ಆಮೇಲೆ ಗಂಡಿಲ್ಲದೆಯೂ ತಿಂಗಳುಗಟ್ಟಲೆ ಮರಿ ಹಾಕಬಲ್ಲದು. ಒಂದೇ ಹೆಣ್ಣು ಸಾಕು ಅಲ್ಲಿ ಗಪ್ಪಿ ತುಂಬಿಕೊಳ್ಳಲು. ನಮ್ಮ ನೀರಿನ ಸಣ್ಣ ಮೀನುಗಳಿಗೆ ಅದರಿಂದ ಕಷ್ಟ. ಸಾಕುವವರಿಗೆ ಕೊಟ್ಟುಬಿಡಿ.

ಹಿತ್ತಲು, ಬಾಲ್ಕನಿ ಏನಾದರೂ ಇದ್ದರೆ ಟಬ್ ಇಡಿ ಅಂತಲೇ ನಾನು ಹೇಳುವುದು. ಒಂದೇ ಟ್ಯಾಂಕ್ ಇಡುವಷ್ಟು ಜಾಗವಾದರೆ ಹಾರ್ನ್‌ವರ್ಟ್ ಬೆಳೆಸಿ, ಸಿಕ್ಕಷ್ಟು ಮರಿ ಉಳಿಸಿಕೊಳ್ಳಿ. ಬಾಕ್ಸ್ ತಂದಿದ್ದರೆ ಬಿಸಾಡಬೇಡಿ, ಆದರೆ ಅದಕ್ಕೆ ತಾಯಿಯನ್ನು ಹಾಕಬೇಡಿ. ತಟ್ಟೆ ತೆಗೆದು, ಒಂದು ಎಳೆ ಜಾವಾ ಮಾಸ್ ಹಾಕಿ, ಗಿಡದ ಸಂದಿಯಲ್ಲಿ ಸಿಕ್ಕ ಮರಿಗಳನ್ನು ಮೂರು ವಾರ ಅದರಲ್ಲಿಡಿ. ನಮ್ಮ ಬಾಕ್ಸಿನಲ್ಲಿ ಈಗ ಏಳು ಮರಿ ಇವೆ. ನಿನ್ನೆ ಸಂಜೆ ಮಗಳು ಸ್ಟೀಲ್ ಲೋಟದಲ್ಲಿ ಒಂದೊಂದಾಗಿ ಹಿಡಿದು ತಂದು ಬಿಟ್ಟಳು.