ಲಂಡನ್ನಿನ ಹಳೇ ಜ್ವರದ ಲೆಕ್ಕ: ಪುಕ್ಕಟೆ ಸಿಗುತ್ತದೆ, ಓದಿ

ಲಂಡನ್ನಿನ ವೆಲ್‌ಕಮ್ ಕಲೆಕ್ಷನ್ ಎಂಬ ವೈದ್ಯಕೀಯ ಗ್ರಂಥಾಲಯ-ಸಂಗ್ರಹಾಲಯದವರು ಆ ಊರಿನ ಆರೋಗ್ಯಾಧಿಕಾರಿಗಳ ವಾರ್ಷಿಕ ವರದಿಗಳನ್ನು ಆನ್‌ಲೈನಿಗೆ ಹಾಕಿದ್ದಾರೆ. 1848ರಿಂದ 1972ರವರೆಗಿನ 5,500ಕ್ಕೂ ಹೆಚ್ಚು ವರದಿಗಳಿವೆ. ದುಡ್ಡು ಕೊಡಬೇಕಿಲ್ಲ, ಪಿಡಿಎಫ್ ಇಳಿಸಿಕೊಳ್ಳಬಹುದು. ಧಾರವಾಡ ತಾಲೂಕಿನಲ್ಲಿ ಆರೋಗ್ಯ ಸಹಾಯಕಿಯಾಗಿದ್ದು ನಿವೃತ್ತಳಾದ ನನಗೆ ಸಂಜೆಯ ಧಾರಾವಾಹಿಗಿಂತ ಇದೇ ಹಿಡಿಸಿದೆ.

ನಾನು ಓದಿದ್ದು 1900ರಿಂದ 1914ರವರೆಗಿನ, ಬಡವರು ಜಾಸ್ತಿ ಇದ್ದ ಪೂರ್ವ ಲಂಡನ್ನಿನ ವರದಿಗಳನ್ನು. ಒಂದು ಕೋಷ್ಟಕ ನೋಡಿ ನಗು ಬಂತು. ಯಾವ ರೋಗ, ವರ್ಷದೊಳಗಿನ ಮಕ್ಕಳೆಷ್ಟು, 1ರಿಂದ 5, 5ರಿಂದ 15, ಯಾವ ವಾರ್ಡು, ಆಸ್ಪತ್ರೆಗೆ ಸಾಗಿಸಿದ್ದು ಎಷ್ಟು. ನಾವು ಜೀವಮಾನವಿಡೀ ತುಂಬಿದ ಫಾರ್ಮುಗಳ ಅಜ್ಜ ಇದು!

ಪಟ್ಟಿಯಲ್ಲಿರುವ ಅಂಟುರೋಗ ಕಂಡರೆ ರೋಗಿಯ ಹೆಸರು, ವಿಳಾಸ ಬರೆದು ಆರೋಗ್ಯಾಧಿಕಾರಿಗೆ ಕಳಿಸಲೇಬೇಕು ಅಂತ 1889ರಲ್ಲಿ ಕಾನೂನು ಬಂದಿತ್ತು. ಕಳಿಸಿದ ಖಾಸಗಿ ಡಾಕ್ಟರಿಗೆ ಕೇಸಿಗೆ ಎರಡೂವರೆ ಶಿಲಿಂಗ್, ಕಳಿಸದಿದ್ದರೆ 40 ಶಿಲಿಂಗ್‌ವರೆಗೆ ದಂಡ. ವಾರದ ವರದಿಗಾಗಿ ಕ್ಲಿನಿಕ್ಕುಗಳ ಬಾಗಿಲಲ್ಲಿ ಕಾದವಳು ನಾನು. ಈ ಏರ್ಪಾಡಿಗೆ ಪೂರ್ತಿ ಅಂಕ ಕೊಡುತ್ತೇನೆ. ಈಗ ನಮ್ಮಲ್ಲೂ ಕ್ಷಯದ ಕೇಸು ತಿಳಿಸಿದ ಖಾಸಗಿ ಡಾಕ್ಟರಿಗೆ 500 ರೂಪಾಯಿ ಇದೆಯಲ್ವಾ.

ಆದರೆ ಆ ಪಟ್ಟಿಯನ್ನು ಸುಮ್ನೆ ನಂಬಬೇಡಿ. ಅದರಲ್ಲಿ ಗಂಟಲುಮಾರಿ (ಡಿಫ್ತೀರಿಯಾ) ಇದೆ, ಮೈಯೆಲ್ಲ ಕೆಂಪಾಗುವ ಸ್ಕಾರ್ಲೆಟ್ ಜ್ವರ ಇದೆ. ದಡಾರ, ನಮ್ಮ ಕಡೆ ಗೊಬ್ಬರ ಅಂತಾರಲ್ಲ, ಅದಿಲ್ಲ. ನಾಯಿಕೆಮ್ಮೂ ಇಲ್ಲ. ಸಣ್ಣ ಕೂಸುಗಳನ್ನು ಬಹಳ ತಿಂದವು ಈ ಎರಡೂ! ದಡಾರ ಎಷ್ಟು ಮಕ್ಕಳಿಗೆ ಬಂತೆಂಬ ಪೂರ್ತಿ ಲೆಕ್ಕವೇ ಆರೋಗ್ಯಾಧಿಕಾರಿ ಸಾಹೇಬರಿಗೆ ಸಿಗುತ್ತಿರಲಿಲ್ಲ. ಸತ್ತವರ ಲೆಕ್ಕ ಮರಣ ನೋಂದಣಿಯಿಂದ ಬರುತ್ತಿತ್ತು. ಉಳಿದದ್ದಕ್ಕೆ ಶಾಲೆಯೇ ಗತಿ. ಯಾವ ಮಗು ಬಂದಿಲ್ಲ ಅಂತ ಹೆಡ್‌ಮೇಡಂ ತಿಳಿಸಬೇಕು, ಇವರು ಮನೆಗೆ ಹೋಗಬೇಕು. ಇನ್ನೂ ಶಾಲೆಗೆ ಸೇರದ, ಸಾವಿನ ಅಪಾಯ ಹೆಚ್ಚಿದ್ದ ಸಣ್ಣ ಕೂಸುಗಳು ಯಾವ ಹಾಜರಿ ಪುಸ್ತಕದಲ್ಲಿ ಸಿಗಬೇಕು? 1916ರಲ್ಲಿ ದಡಾರ ಪಟ್ಟಿಗೆ ಸೇರಿತು, ಕೆಲವೇ ವರ್ಷದಲ್ಲಿ ಮತ್ತೆ ಕೈಬಿಟ್ಟರು. ಅದಕ್ಕೇ ಕೇಸಿನ ಕೋಷ್ಟಕ ಒಂದನ್ನೇ ನೋಡಿ ‘ಈ ವರ್ಷ ಮಕ್ಕಳು ಚೆನ್ನಾಗಿದ್ದರು’ ಅಂದುಕೊಂಡರೆ ಕೆಟ್ಟಿರಿ. ಸಾವಿನ ಕೋಷ್ಟಕವನ್ನು ಪಕ್ಕದಲ್ಲಿಟ್ಟುಕೊಂಡೇ ಓದಬೇಕು.

ಕೂಸುಗಳನ್ನು ಬಚ್ಚಿಡುವ ಮನೆಗಳೂ ಇರುತ್ತವೆ. 2017ರ ದಡಾರ-ರುಬೆಲ್ಲಾ ಲಸಿಕೆ ಅಭಿಯಾನದಲ್ಲಿ ವಾಟ್ಸಾಪಿನ ಸುಳ್ಳು ಸುದ್ದಿ ನಂಬಿ, ‘ಅಕ್ಕಾರ, ನಮ್ಮ ಕೂಸು ಊರಿಗೆ ಹೋಗೇತ್ರಿ’ ಅಂದ ತಾಯಂದಿರನ್ನು ನಾನೂ ನೋಡಿದ್ದೇನೆ. ಕೂಸು ಒಳಗೆ ಆಡುತ್ತಿತ್ತು.

ನನಗೆ ಹೆಚ್ಚು ಇಷ್ಟವಾದದ್ದು ಅಂಕಿಗಳಲ್ಲ, ಸಾಹೇಬರ ಬರವಣಿಗೆ. ಸ್ಕಾರ್ಲೆಟ್ ಜ್ವರದ ಮಗುವನ್ನು ಜ್ವರದ ಆಸ್ಪತ್ರೆಯಲ್ಲಿ ಆರು ವಾರ ಇಟ್ಟು ಕಳಿಸುತ್ತಾರೆ. ಮಗು ಮನೆಗೆ ಬಂದ ಮೇಲೆ ತಮ್ಮನಿಗೋ ತಂಗಿಗೋ ಅದೇ ಜ್ವರ. ಇಂಥ ಕೇಸುಗಳನ್ನು ಬೇರೆಯಾಗಿಯೇ ಎಣಿಸುತ್ತಿದ್ದರು. ಹಾಲಿನವನಿಂದ ಜಡ್ಡು ಹಬ್ಬಿತೇ ಅಂತ ಯಾವ ಮನೆಗೆ ಯಾರ ಹಾಲು ಬರುತ್ತದೆಂದು ಪತ್ತೆ ಹಚ್ಚುತ್ತಿದ್ದರು. ಜ್ವರದ ಮನೆಗೆ ಹೋದ ಲೈಬ್ರರಿ ಪುಸ್ತಕವನ್ನೂ ಸೋಂಕು ತೆಗೆಯದೆ ಬಿಡುತ್ತಿರಲಿಲ್ಲ! ಚರಂಡಿಯ ಪುಟಗಳು ಮಾತ್ರ ಬೇಸರ, ಹಾರಿಸಿ.

ಇಂಗ್ಲಿಷ್ ಹಳೆಯದು, ಆದರೆ ಕಷ್ಟವಲ್ಲ. ಮೊಬೈಲಿನಲ್ಲಿ ಕೋಷ್ಟಕ ಓದುವುದು ಕಣ್ಣಿಗೆ ಶಿಕ್ಷೆ. ಸಪ್ತಾಪುರದ ಒಂದು ಝೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿದೆ. ಅಡ್ಡ ಕೋಷ್ಟಕಗಳ ಕೊನೆಯ ಕಾಲಂಗಳು ಕತ್ತರಿಸಿ ಹೋದವು, ಅಂದರೆ ವಾರ್ಡುಗಳ ಲೆಕ್ಕವೇ ಮಾಯ. ‘ಫೈಲೇ ಹಂಗೈತ್ರಿ’ ಅಂದ ಹುಡುಗ. ನೀವು ಹಾಕಿಸುವುದಾದರೆ ಆ ಪುಟಗಳನ್ನಷ್ಟೇ ಎ3 ಹಾಳೆಗೆ ಹಾಕಿಸಿ, ದುಡ್ಡು ಕೊಡುವ ಮೊದಲು ಅಂಚು ನೋಡಿಕೊಳ್ಳಿ.